ಲಿಂಕಿಗೆ 777, ಒಳಗೆ ಮಾತ್ರ ಬಿಡಲ್ಲ

ಲಿನಕ್ಸ್ ಸರ್ವರ್ ಜೊತೆ ದಿನ ಕಳೆಯೋರಿಗೆ ‘ಪರ್ಮಿಷನ್ ಡಿನೈಡ್’ ಅನ್ನೋ ಸಾಲು ಹೊಸದೇನಲ್ಲ. ಫೈಲ್ ಬೇರೆಯವರದ್ದು, ನಮಗೆ ಓದೋ ಹಕ್ಕಿಲ್ಲ, ಸಿಸ್ಟಮ್ ಬೇಡ ಅಂತು. ಅಲ್ಲಿಗೆ ಮುಗೀತು. ಆದರೆ ಇದರಲ್ಲೇ ಒಂದು ಬಗೆ ಇದೆ, ಅದು ಮಾತ್ರ ಅನುಭವ ಇರೋರನ್ನೂ ಅರ್ಧ ಗಂಟೆ ಕೂರಿಸಿಬಿಡುತ್ತೆ. ಎದುರಿಗೆ ಒಂದು ಸಿಂಬಾಲಿಕ್ ಲಿಂಕ್ ಇರುತ್ತೆ, ಅಂದರೆ ಬೇರೆಲ್ಲೋ ಇರೋ ಫೈಲಿಗೆ ಕೈ ತೋರಿಸೋ ಒಂದು ಹೆಸರು. ‘ಎಲ್‌ಎಸ್ -ಎಲ್’ ಹೊಡೆದು ನೋಡಿದರೆ ಶುರುವಿಗೆ ಲಿಂಕಿನ ಗುರುತಾಗಿ ಒಂದು ‘ಎಲ್’, ಆಮೇಲೆ ‘ಆರ್‌ಡಬ್ಲ್ಯೂಎಕ್ಸ್’ ಸಾಲಾಗಿ ಮೂರು ಸಲ. ಒಡೆಯನಿಗೂ ಎಲ್ಲಾ ಹಕ್ಕು, ಗುಂಪಿಗೂ ಎಲ್ಲಾ ಹಕ್ಕು, ದಾರೀಲಿ ಹೋಗೋ ದಾಸಯ್ಯನಿಗೂ ಎಲ್ಲಾ ಹಕ್ಕು. ನಂಬರಿನಲ್ಲಿ ಹೇಳಿದರೆ 777. ಆದರೂ ತೆರೆಯೋಕೆ ಹೋದರೆ ‘ಪರ್ಮಿಷನ್ ಡಿನೈಡ್’.

ಆಗ ನಮ್ಮಲ್ಲಿ ಬಹಳ ಮಂದಿಯ ಕೈ ತಾನಾಗೇ ಹೋಗೋದು ಒಂದೇ ಕಡೆ: ‘ಸಿಎಚ್‌ಮಾಡ್ -ಆರ್ 777’. ಏನು ಕೊಡಬೇಕು, ಯಾರಿಗೆ ಕೊಡಬೇಕು ಅಂತ ಯೋಚನೆ ಮಾಡೋದು ಬಿಟ್ಟು ಎಲ್ಲರಿಗೂ ಎಲ್ಲಾ ಕೊಟ್ಟುಬಿಡೋದು. ಅದು ಎಷ್ಟು ದುಬಾರಿ ಆಗಬಹುದು ಅಂತ ಮುಂದೆ ಹೇಳ್ತೀನಿ. ಮೊದಲು, ಎಲ್ಲಾ ಹಕ್ಕು ತೋರಿಸೋ ಲಿಂಕ್ ಯಾಕೆ ಯಾವ ಹಕ್ಕನ್ನೂ ಕೊಡಲ್ಲ ಅನ್ನೋದು. ಇದು ಯಾರೋ ಮರೆತು ಬಿಟ್ಟ ಬಗ್ ಅಲ್ಲ. ಬೇಕಂತಲೇ ಮಾಡಿದ ತೀರ್ಮಾನ, ವಯಸ್ಸು ಸುಮಾರು 60 ವರ್ಷ.

ಯುನಿಕ್ಸ್‌ಗೂ ಮುಂಚೆ ಮಲ್ಟಿಕ್ಸ್ ಅಂತ ಒಂದು ಭಾರೀ ಆಪರೇಟಿಂಗ್ ಸಿಸ್ಟಮ್ ಕಟ್ಟೋ ಯೋಜನೆ ನಡೀತಿತ್ತು. ಎಂಐಟಿ, ಜನರಲ್ ಎಲೆಕ್ಟ್ರಿಕ್, ಬೆಲ್ ಲ್ಯಾಬ್ಸ್ ಮೂರೂ ಕೂಡಿ ಮಾಡ್ತಿದ್ದ ಕೆಲಸ. ಅದರ ಫೈಲ್ ಸಿಸ್ಟಮ್ ಬಗ್ಗೆ 1965ರಲ್ಲಿ ರಾಬರ್ಟ್ ಡೇಲಿ ಮತ್ತು ಪೀಟರ್ ನ್ಯೂಮನ್ ಒಂದು ಪ್ರಬಂಧ ಬರೆದರು. ಡೈರೆಕ್ಟರಿ ಒಳಗೆ ಎರಡು ಥರದ ನಮೂದು ಇರಬಹುದು ಅಂತ ಅದರಲ್ಲಿದೆ. ಒಂದು ‘ಬ್ರಾಂಚ್’, ಅಂದರೆ ಅಸಲಿ ಫೈಲನ್ನ ಹಿಡಿದುಕೊಂಡಿರೋದು. ಇನ್ನೊಂದು ‘ಲಿಂಕ್’, ಅಂದರೆ ಇನ್ನೊಂದು ನಮೂದಿನ ಹೆಸರನ್ನ ಮಾತ್ರ ಬರೆದಿಟ್ಟುಕೊಂಡಿರೋದು. ಯಾರು ಓದಬಹುದು, ಯಾರು ಬರೀಬಹುದು ಅನ್ನೋ ಪಟ್ಟಿ ಇರೋದು ಬ್ರಾಂಚ್ ಹತ್ತಿರ. ಲಿಂಕ್ ಹತ್ತಿರ ಇರೋದು ವಿಳಾಸ. ಇವತ್ತು ನಮ್ಮ ಲ್ಯಾಪ್‌ಟಾಪಿನಲ್ಲಿರೋ ಸಿಮ್‌ಲಿಂಕಿನ ಅಜ್ಜ ಇದೇ.

1969ರಲ್ಲಿ ಬೆಲ್ ಲ್ಯಾಬ್ಸ್ ಮಲ್ಟಿಕ್ಸ್‌ನಿಂದ ಹೊರಬಂತು. ಕೆನ್ ಥಾಂಪ್ಸನ್ ಒಂದು ಹಳೇ ಪಿಡಿಪಿ-7 ಯಂತ್ರದ ಮೇಲೆ ಯುನಿಕ್ಸ್ ಶುರು ಮಾಡಿದ. ಈ ಮೊದಲ ಯುನಿಕ್ಸ್ ಬಗ್ಗೆ ಡೆನಿಸ್ ರಿಚಿ ಆಮೇಲೆ ಬರೆದಿರೋ ಒಂದು ಸಂಗತಿ ನನಗೆ ಬಹಳ ಮಜಾ ಅನಿಸುತ್ತೆ. ಆ ಸಿಸ್ಟಮ್‌ನಲ್ಲಿ ಡೈರೆಕ್ಟರಿ ಇತ್ತು, ಆದರೆ ಪಾತ್ ಇರಲಿಲ್ಲ! ಸ್ಲ್ಯಾಶ್ ಹಾಕಿ ಒಂದರೊಳಗೊಂದು ಹೆಸರು ಬರೆಯೋ ಸೌಕರ್ಯವೇ ಇಲ್ಲ. ನೀವು ಕೂತಿರೋ ಡೈರೆಕ್ಟರಿಯ ಹೆಸರು ಮಾತ್ರ ಸಿಸ್ಟಮ್‌ಗೆ ಗೊತ್ತಾಗೋದು. ಹಾಗಾದರೆ ಕೆನ್‌ನ ಡೈರೆಕ್ಟರಿಯಲ್ಲಿರೋ ಫೈಲ್ ಬೇಕಾದರೆ? ಎಲ್ಲರ ಡೈರೆಕ್ಟರಿಗಳ ಹೆಸರು ಇರೋ ‘ಡಿಡಿ’ ಅನ್ನೋ ಡೈರೆಕ್ಟರಿ ಮೂಲಕ ಮೊದಲು ಕೆನ್‌ಗೆ ಒಂದು ಲಿಂಕ್ ಮಾಡಬೇಕು. ಆ ಲಿಂಕ್ ಮೂಲಕ ಫೈಲಿಗೆ ಇನ್ನೊಂದು ಲಿಂಕ್ ಮಾಡಬೇಕು. ಕೆಲಸ ಆದಮೇಲೆ ಮೊದಲನೆಯದನ್ನ ಅಳಿಸಬೇಕು. ಅಂದರೆ ಯುನಿಕ್ಸ್‌ನಲ್ಲಿ ದಾರಿಗಿಂತ ಮೊದಲು ಹುಟ್ಟಿದ್ದು ಲಿಂಕು.

ಆದರೆ ಅದು ಸಿಮ್‌ಲಿಂಕ್ ಅಲ್ಲ, ಈಗ ನಾವು ಹಾರ್ಡ್ ಲಿಂಕ್ ಅನ್ನೋದು. ಈ ವ್ಯತ್ಯಾಸ ಹಿಡಿದರೆ ಅರ್ಧ ಕಥೆ ಮುಗೀತು. ಯುನಿಕ್ಸ್‌ನಲ್ಲಿ ಫೈಲಿನ ಒಡೆಯ ಯಾರು, ಸೈಜ್ ಎಷ್ಟು, ಪರ್ಮಿಷನ್ ಏನು ಅನ್ನೋದೆಲ್ಲ ಐನೋಡ್ ಅನ್ನೋ ಚಿಕ್ಕ ದಾಖಲೆಯಲ್ಲಿ ಇರುತ್ತೆ. ಫೈಲಿನ ಹೆಸರು ಮಾತ್ರ ಅದರಲ್ಲಿರಲ್ಲ. ಹೆಸರಿರೋದು ಡೈರೆಕ್ಟರಿಯಲ್ಲಿ, ಪಕ್ಕದಲ್ಲಿ ಐನೋಡ್ ನಂಬರ್. ಒಂದೇ ಐನೋಡಿಗೆ ಎರಡು ಹೆಸರಿದ್ದರೆ ಅದು ಹಾರ್ಡ್ ಲಿಂಕ್. ಮನೆಯಲ್ಲಿ ಕರೆಯೋ ಹೆಸರು, ಶಾಲೆ ಸರ್ಟಿಫಿಕೇಟಿನ ಹೆಸರು ಎರಡೂ ಒಬ್ಬನೇ ಹುಡುಗನದ್ದು ಅಂದಂಗೆ. ಯಾವ ಹೆಸರಿನಿಂದ ಕರೆದರೂ ಐನೋಡ್ ಒಂದೇ, ಪರ್ಮಿಷನ್ ಒಂದೇ.

ಪರ್ಮಿಷನ್ ಅಂದರೆ ಆ ಒಂಬತ್ತು ಅಕ್ಷರ ಅಲ್ವಾ, ಅವೂ ಒಂದೇ ದಿನ ಬಂದದ್ದಲ್ಲ. 1974ರಲ್ಲಿ ರಿಚಿ ಮತ್ತು ಥಾಂಪ್ಸನ್ ಯುನಿಕ್ಸ್ ಬಗ್ಗೆ ಬರೆದ ಹೆಸರುವಾಸಿ ಪ್ರಬಂಧದಲ್ಲಿ ಇರೋದು ಏಳು ಬಿಟ್. ಒಡೆಯನಿಗೆ ಓದು, ಬರೆ, ನಡೆಸು ಅಂತ ಮೂರು. ಉಳಿದ ಎಲ್ಲರಿಗೂ ಮೂರು. ಏಳನೆಯದು ಸೆಟ್-ಯುಐಡಿ, ಅಂದರೆ ಪ್ರೋಗ್ರಾಮನ್ನ ಯಾರೇ ಓಡಿಸಿದರೂ ಅದು ತನ್ನ ಒಡೆಯನ ಹಕ್ಕಿನಲ್ಲಿ ಓಡಲಿ ಅನ್ನೋ ಗುರುತು. ಇದಕ್ಕೆ ರಿಚಿ ಪೇಟೆಂಟ್ ಕೂಡ ಪಡೆದಿದ್ದ. ಅದೇ ಪ್ರಬಂಧವನ್ನ 1978ರಲ್ಲಿ ಪರಿಷ್ಕರಿಸಿ ಮತ್ತೆ ಪ್ರಕಟಿಸಿದಾಗ ಬಿಟ್‌ಗಳು ಹತ್ತಾಗಿದ್ದವು, ನಡುವೆ ‘ಗುಂಪು’ ಅನ್ನೋ ಮೂರು ಸೇರಿತ್ತು. ನಾಲ್ಕೇ ವರ್ಷದಲ್ಲಿ ‘ನಾನು ಮತ್ತು ಊರು’ ಅನ್ನೋದು ‘ನಾನು, ನನ್ನವರು, ಊರು’ ಆಯ್ತು. ನಮ್ಮ ಕಡೆಯವನಾಗಿ ನನಗೆ ಈ ಮೂರು ವಿಂಗಡಣೆ ಅರ್ಥ ಮಾಡ್ಕೊಳ್ಳೋಕೆ ಪುಸ್ತಕ ಬೇಕಾಗಲಿಲ್ಲ.

ಹಾರ್ಡ್ ಲಿಂಕಿಗೆ ಎರಡು ಮಿತಿ. ಐನೋಡ್ ನಂಬರ್‌ಗೆ ಅರ್ಥ ಇರೋದು ಒಂದು ಫೈಲ್ ಸಿಸ್ಟಮ್ ಒಳಗೆ ಮಾತ್ರ. ಹಾಗಾಗಿ ಒಂದು ಡಿಸ್ಕಿನ ಹೆಸರನ್ನ ಇನ್ನೊಂದು ಡಿಸ್ಕಿನ ಫೈಲಿಗೆ ಕಟ್ಟೋಕಾಗಲ್ಲ. ಎರಡನೆಯದು, ಸಾಮಾನ್ಯ ಬಳಕೆದಾರ ಡೈರೆಕ್ಟರಿಗೆ ಹಾರ್ಡ್ ಲಿಂಕ್ ಮಾಡೋ ಹಾಗಿಲ್ಲ. ಮಾಡಿದರೆ ಮರ ಹೋಗಿ ಸುತ್ತು ಬಳಸಿನ ಬಳ್ಳಿ ಆಗುತ್ತೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕರ್ಕ್ ಮೆಕ್ಯುಸಿಕ್, ಬಿಲ್ ಜಾಯ್, ಸ್ಯಾಮ್ ಲೆಫ್ಲರ್, ರಾಬರ್ಟ್ ಫ್ಯಾಬ್ರಿ ಸೇರಿ ಹೊಸ ಫೈಲ್ ಸಿಸ್ಟಮ್ ಬರೆದಾಗ ಈ ತೊಡಕು ಬಿಡಿಸೋಕೆ ಹಳೇ ಮಲ್ಟಿಕ್ಸ್ ಉಪಾಯವನ್ನೇ ವಾಪಸ್ ತಂದರು. ಹಾಗಂತ ಅವರ ಪ್ರಬಂಧದಲ್ಲೇ ಹೇಳಿಕೊಂಡಿದ್ದಾರೆ. 1983ರ 4.2 ಬಿಎಸ್‌ಡಿ ಜೊತೆ ಸಿಂಬಾಲಿಕ್ ಲಿಂಕ್ ಜನರ ಕೈಗೆ ಬಂತು. ಹೆಸರು 14 ಅಕ್ಷರ ದಾಟಬಾರದು ಅನ್ನೋ ಹಳೇ ಕಟ್ಟು ಹೋಗಿ 255 ಆಗಿದ್ದೂ ಆಗಲೇ.

ಸಿಮ್‌ಲಿಂಕ್ ಅಂದರೆ ಅದೇ ಒಂದು ಪುಟ್ಟ ಫೈಲ್. ಅದರ ಹೊಟ್ಟೆಯಲ್ಲಿ ಇರೋದು ಒಂದು ಪಾತ್, ಬರೀ ಅಕ್ಷರ. ಆ ಪಾತ್ ನಿಜವಾಗಿ ಇದೆಯೋ ಇಲ್ಲವೋ ಅಂತ ಲಿಂಕ್ ಮಾಡುವಾಗ ಯಾರೂ ಕೇಳಲ್ಲ. ‘/ಹೋಮ್/ಮಲ್ಲು/ಫೋಟೊ’ ಅಂತ ಕನ್ನಡದಲ್ಲೇ ಬರೆದಿಟ್ಟರೂ ಕರ್ನಲ್‌ಗೆ ಚಿಂತೆ ಇಲ್ಲ. ಅದಕ್ಕೆ ಗೊತ್ತಿರೋ ವಿಶೇಷ ಗುರುತು ಸ್ಲ್ಯಾಶ್ ಮತ್ತು ಸೊನ್ನೆ ಬೈಟ್, ಅಷ್ಟೇ. ಈಗ ಈ ಪುಟ್ಟ ಫೈಲಿಗೂ ಐನೋಡ್ ಇರಬೇಕು, ಐನೋಡ್ ಇದ್ದಮೇಲೆ ಒಂಬತ್ತು ಬಿಟ್ ಇರಲೇಬೇಕು. ಏನು ತುಂಬೋದು? ಲಿನಕ್ಸ್‌ನವರು 777 ತುಂಬಿ ಸುಮ್ಮನಾದರು, ಯಾಕಂದರೆ ಲಿಂಕಿನ ಮೂಲಕ ಹೋಗುವಾಗ ಆ ಬಿಟ್‌ಗಳನ್ನ ಯಾರೂ ಓದಲ್ಲ. ಮ್ಯಾಕ್‌ನಲ್ಲಿ ನೋಡಿ, ಅದೇ ಲಿಂಕ್ ಸಾಮಾನ್ಯವಾಗಿ 755 ಅಂತ ಕಾಣುತ್ತೆ. ಲಿಂಕಿನ ಪರ್ಮಿಷನ್‌ಗೆ ಏನರ್ಥ ಅನ್ನೋದನ್ನ ಪೋಸಿಕ್ಸ್ ಮಾನದಂಡ ಆಯಾ ಸಿಸ್ಟಮ್‌ಗೇ ಬಿಟ್ಟಿದೆ. ನಮ್ಮನ್ನ ದಾರಿ ತಪ್ಪಿಸೋ ಆ ಉದಾರ ಒಂಬತ್ತು ಅಕ್ಷರ, ಖಾಲಿ ಬಿಡೋಕೆ ಬರಲ್ಲ ಅಂತ ಫಾರ್ಮಿನಲ್ಲಿ ತುಂಬಿದ ಅಡ್ಡಗೆರೆ ಇದ್ದಂಗೆ.

ಹಾಗಾದರೆ ಅಸಲಿಗೆ ಪರೀಕ್ಷೆ ಎಲ್ಲಿ ನಡೆಯುತ್ತೆ? ದಾರಿ ಉದ್ದಕ್ಕೂ. ಯುನಿಕ್ಸ್ ಆರನೇ ಆವೃತ್ತಿಯ ಸೋರ್ಸ್ ಕೋಡಿನಲ್ಲಿ ‘ನೇಮ್‌ಐ’ ಅಂತ ಒಂದು ಫಂಕ್ಷನ್ ಇದೆ. ಹೆಸರು ಕೊಟ್ಟರೆ ಐನೋಡ್ ಹುಡುಕಿಕೊಡೋದು ಅದರ ಕೆಲಸ. ಆಸ್ಟ್ರೇಲಿಯಾದ ಪ್ರೊಫೆಸರ್ ಜಾನ್ ಲಯನ್ಸ್ ಆ ಕೋಡಿಗೆ ಸಾಲು ಸಾಲಾಗಿ ಟಿಪ್ಪಣಿ ಬರೆದು ಪಾಠ ಮಾಡಿದ್ದರಿಂದ ಎಷ್ಟೋ ಜನ ಅದನ್ನ ಓದಿ ಕಲಿತರು. ನೇಮ್‌ಐ ಪಾತ್‌ನ ಒಂದೊಂದೇ ತುಂಡು ತಗೊಂಡು ಮುಂದೆ ಹೋಗುತ್ತೆ. ಪ್ರತಿ ಡೈರೆಕ್ಟರಿಯ ಹೊಸ್ತಿಲಲ್ಲೂ ನಿಂತು ಕೇಳುತ್ತೆ: ಇವನಿಗೆ ಇಲ್ಲಿ ‘ಎಕ್ಸ್’ ಇದೆಯಾ? ಒಂದು ಕಡೆ ಇಲ್ಲ ಅಂದರೂ ಅಲ್ಲೇ ನಿಲುಗಡೆ. ನಡುವೆ ಸಿಮ್‌ಲಿಂಕ್ ಸಿಕ್ಕರೆ ಅದರ ಹೊಟ್ಟೆಯಲ್ಲಿರೋ ಪಾತ್ ಹಿಡಿದು ಮತ್ತೆ ಇದೇ ನಡಿಗೆ. ಅಡ್ಡದಾರಿಯೇ ಇಲ್ಲ.

ಡೈರೆಕ್ಟರಿ ಮೇಲಿನ ಈ ‘ಎಕ್ಸ್’ ಬಹಳ ಜನರಿಗೆ ತಿಳಿಯೋದೇ ಇಲ್ಲ. ಡೈರೆಕ್ಟರಿಯನ್ನ ‘ನಡೆಸೋದು’ ಅಂದರೆ ಏನು? ಅದರ ಅರ್ಥ ದಾಟೋ ಹಕ್ಕು. ‘ಆರ್’ ಇದ್ದರೆ ಒಳಗೆ ಏನೇನಿದೆ ಅಂತ ಪಟ್ಟಿ ನೋಡಬಹುದು. ‘ಎಕ್ಸ್’ ಇದ್ದರೆ ಹಾದುಹೋಗಬಹುದು. ‘ಎಕ್ಸ್’ ಮಾತ್ರ ಇದ್ದು ‘ಆರ್’ ಇಲ್ಲದಿದ್ದರೆ, ಹೆಸರು ಗೊತ್ತಿರೋ ಫೈಲಿನ ಹತ್ತಿರ ನೇರ ಹೋಗಬಹುದು, ಅಕ್ಕಪಕ್ಕ ಏನಿದೆ ಅಂತ ಕಣ್ಣಾಡಿಸೋಕೆ ಬರಲ್ಲ.

ನನಗೆ ಇದು ತಲೆಗೆ ಹತ್ತಿದ್ದು ಕಾಲೇಜಿನಲ್ಲಿ ಅಲ್ಲ. ನಾನು ಸೇಡಂ ತಾಲೂಕಿನ ಹಳ್ಳಿಯವನು. ನಮ್ಮ ಕಡೆ ತೊಗರಿ ಹೊಲಗಳು ಒಂದರ ಹಿಂದೆ ಒಂದು. ರಸ್ತೆಗೆ ಹತ್ತಿರ ಇರೋ ಹೊಲದವನು ರಾಜ, ಹಿಂದಿನ ಹೊಲದವನು ಅವನ ಒಡ್ಡಿನ ಮೇಲೆ ನಡೆದೇ ತನ್ನ ಹೊಲ ಮುಟ್ಟಬೇಕು. ಪಹಣಿಯಲ್ಲಿ ಹೆಸರಿರೋದು ಬೇರೆ, ಬಂಡಿ ಹೊಡ್ಕೊಂಡು ಹೊಲಕ್ಕೆ ಹೋಗೋದು ಬೇರೆ. ಸರ್ವೆ ನಕ್ಷೆಯಲ್ಲಿ ಗೆರೆ ಇದ್ದರೆ ‘ನಕಾಶೆ ಕಂಡ ದಾರಿ’ ಅಂತಾರೆ, ಅದನ್ನ ಯಾರೂ ಮುಚ್ಚೋ ಹಾಗಿಲ್ಲ. ಗೆರೆ ಇಲ್ಲದ ಕಡೆ ಜಗಳ ತಹಸೀಲ್ ಕಚೇರಿ ಮುಟ್ಟುತ್ತೆ. ಇಂಥ ಒಂದು ಜಗಳದಲ್ಲಿ ನಮ್ಮ ಕಾಕಾ ಎದುರಿನವನಿಗೆ ಹೇಳಿದ್ದು ಈಗಲೂ ಕಿವಿಯಲ್ಲಿದೆ: “ಪಹಣಿ ಅದ ಅಂತ ಹಾರಿಕೊಂಡ್ ಹೋಗ್ತೀಯೇನು? ದಾರಿ ಕೇಳ್ಕೊಂಡ್ ಹೋಗು.” ಟ್ರೇನಿಂಗ್‌ನಲ್ಲಿ ಮೊದಲ ಸಲ ಡೈರೆಕ್ಟರಿಯ ‘ಎಕ್ಸ್’ ಬಗ್ಗೆ ಕೇಳಿದಾಗ ನನಗೆ ನೆನಪಾಗಿದ್ದು ಈ ಮಾತೇ.

ದಾಟೋ ಹಕ್ಕು ಬೇರೆ, ಒಳಗಿನದರ ಮೇಲಿನ ಹಕ್ಕು ಬೇರೆ ಅನ್ನೋದಕ್ಕೆ ನಮ್ಮ ಭಾಗದ ರೈಲು ಇನ್ನೂ ಒಳ್ಳೆ ಉದಾಹರಣೆ, ಅದು ಲಂಡನ್ ತನಕ ಹೋದ ವಿಚಾರ. ಮುಂಬೈ ಕಡೆಯಿಂದ ಬಂದ ಜಿಐಪಿ ರೈಲ್ವೆಯ ಹಳಿ ಶಹಾಬಾದ್, ವಾಡಿ ಹಾದು 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸ್ ರೈಲ್ವೆಯನ್ನ ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯ್ತು. ಚಿತ್ತಾಪುರ, ಮಳಖೇಡ, ಸೇಡಂ ಸ್ಟೇಷನ್ನುಗಳು ಇರೋದು ಆ ದಾರಿಯ ಮೇಲೆ. (ಚಿಂಚೋಳಿಗೆ ಇವತ್ತಿಗೂ ರೈಲಿಲ್ಲ, ಆ ದುಃಖ ಬೇರೆ.) ಊರು, ಹೊಲ, ಜನ ಎಲ್ಲಾ ನಿಜಾಮರ ರಾಜ್ಯ. ಆದರೆ ಹಳಿ ಹಾದುಹೋಗೋ ಜಾಗದ ಮೇಲೆ ನಿಜಾಮ ಸರ್ಕಾರ ಬ್ರಿಟಿಷರಿಗೆ ಒಂದಿಷ್ಟು ಅಧಿಕಾರ ಬಿಟ್ಟುಕೊಟ್ಟಿತ್ತು.

ಎಷ್ಟು ಅಧಿಕಾರ ಅನ್ನೋ ಪ್ರಶ್ನೆ ಎದ್ದಿದ್ದು ಮುಹಮ್ಮದ್ ಯೂಸುಫುದ್ದೀನ್ ಅನ್ನೋರ ಕೇಸಿನಲ್ಲಿ. ಅವರು ನಿಜಾಮರ ಪ್ರಜೆ. ಶಿಮ್ಲಾದ ಮ್ಯಾಜಿಸ್ಟ್ರೇಟ್ ಹೊರಡಿಸಿದ ವಾರಂಟ್ ಹಿಡಿದು ಬಂದವರು ಅವರನ್ನ ಹೈದರಾಬಾದ್ ಸಂಸ್ಥಾನದೊಳಗಿನ ಒಂದು ರೈಲ್ವೆ ಸ್ಟೇಷನ್‌ನಲ್ಲಿ ಬಂಧಿಸಿದರು. ಸ್ಟೇಷನ್ ನಮ್ಮ ಅಧಿಕಾರದ ಜಾಗ ಅನ್ನೋದು ಬ್ರಿಟಿಷರ ವಾದ. 1897ರಲ್ಲಿ ಪ್ರಿವಿ ಕೌನ್ಸಿಲ್ ಅದನ್ನ ಒಪ್ಪಲಿಲ್ಲ. ನಿಜಾಮರು ಬಿಟ್ಟುಕೊಟ್ಟಿದ್ದು ರೈಲ್ವೆಗೆ ಸಂಬಂಧಪಟ್ಟ ಅಧಿಕಾರ. ಈ ಆರೋಪಕ್ಕೂ ರೈಲ್ವೆಗೂ ಸಂಬಂಧ ಇಲ್ಲ. ಹಾಗಾಗಿ ಬಂಧನ ಕಾನೂನಿಗೆ ವಿರುದ್ಧ ಅಂತ ತೀರ್ಪಾಯ್ತು. ನನ್ನ ಭಾಷೆಯಲ್ಲಿ ಹೇಳೋದಾದರೆ, ಆ ಡೈರೆಕ್ಟರಿ ಮೇಲೆ ಅವರಿಗೆ ಇದ್ದದ್ದು ‘ಎಕ್ಸ್’ ಮಾತ್ರ. ಅವರು ‘ಡಬ್ಲ್ಯೂ’ ಇದೆ ಅಂದುಕೊಂಡಿದ್ದರು.

ಈಗ 777ರ ಕಥೆಗೆ ಬರೋಣ. ಬೆಂಗಳೂರಿನ ಒಂದು ಸಣ್ಣ ಕಂಪನಿ, ಹೆಸರು ಬೇಡ. ಅಲ್ಲಿ ಕೆಲಸ ಮಾಡೋ ಗೆಳೆಯ ಒಂದು ಬೆಳಿಗ್ಗೆ ಫೋನ್ ಮಾಡಿದ. ಹಿಂದಿನ ರಾತ್ರಿ ಅವರು ಹಳೇ ಉಬುಂಟು 20.04 ಸರ್ವರಿನಿಂದ ಹೊಸ 22.04 ಸರ್ವರಿಗೆ ವೆಬ್‌ಸೈಟ್ ಸಾಗಿಸಿದ್ದರು. ಸೈಟಿನ ಫೋಲ್ಡರಿನಲ್ಲಿ ‘ಫೋಟೊ’ ಅನ್ನೋದು ಸಿಮ್‌ಲಿಂಕ್, ಅಸಲಿ ಫೋಟೊಗಳು ಇರೋದು ಒಬ್ಬ ಬಳಕೆದಾರನ ಹೋಮ್ ಡೈರೆಕ್ಟರಿಯಲ್ಲಿ. ಹಳೇ ಸರ್ವರಿನಲ್ಲಿ ವರ್ಷಗಟ್ಟಲೆ ನಡೆದಿತ್ತು. ಹೊಸದರಲ್ಲಿ ಫೋಟೊ ಬರೋ ಜಾಗದಲ್ಲೆಲ್ಲ 403. ಎಲ್ಲಾ ಫೈಲ್ ಹಾಗೇ ಕಾಪಿ ಮಾಡಿದ್ದೀವಿ, ಎಲ್ಲಾ ಪರ್ಮಿಷನ್ ಹಾಗೇ ಇವೆ ಅಂತ ಅವರ ಪ್ರಮಾಣ.

ಅವರು ಸುಳ್ಳು ಹೇಳ್ತಿರಲಿಲ್ಲ. ಬದಲಾಗಿದ್ದು ಅವರು ಕಾಪಿ ಮಾಡದೇ ಇದ್ದ ಒಂದೇ ಒಂದು ಹೊಸ್ತಿಲು. ಉಬುಂಟು 21.04ರಿಂದ ಹೊಸ ಬಳಕೆದಾರನ ಹೋಮ್ ಡೈರೆಕ್ಟರಿ ಹುಟ್ಟೋದೇ 750 ಆಗಿ; ಅದಕ್ಕೂ ಮುಂಚೆ 755. ಅಂದರೆ ಹಿಂದೆ ಊರಿನ ಎಲ್ಲರೂ ನಿಮ್ಮ ಮನೆ ಪಡಸಾಲೆ ದಾಟಬಹುದಿತ್ತು, ಈಗ ದಾಟೋ ಹಾಗಿಲ್ಲ. ವೆಬ್ ಸರ್ವರ್ ಓಡೋದು ‘ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ’ ಅನ್ನೋ ಬೇರೆ ಬಳಕೆದಾರನ ಹೆಸರಿನಲ್ಲಿ. ಅದು ಹೋಮ್ ಹೊಸ್ತಿಲಲ್ಲೇ ನಿಂತಿತ್ತು. ರೆಡ್ ಹ್ಯಾಟ್ ಕಡೆಯ ಡಿಸ್ಟ್ರೋಗಳಲ್ಲಿ ಹೋಮ್ ಮೊದಲಿನಿಂದಲೂ 700, ಹಾಗಾಗಿ ಅಲ್ಲಿಯವರಿಗೆ ಈ ಆಘಾತ ಹಳೇದು.

ಆ ರಾತ್ರಿ ಅವರು ಮಾಡಿದ್ದನ್ನ ಒಂದೊಂದಾಗಿ ನೋಡಿದರೆ ಪಾಠಪುಸ್ತಕ ಓದಿದಂಗೆ ಇದೆ. ಮೊದಲು ಸೈಟಿನ ಫೋಲ್ಡರಿಗೆ ‘ಸಿಎಚ್‌ಮಾಡ್ -ಆರ್ 777’. ಏನೂ ಆಗಲಿಲ್ಲ, ಯಾಕಂದರೆ -ಆರ್ ಹಾಕಿ ಒಳಗೊಳಗೆ ಹೋಗುವಾಗ ಎದುರಾಗೋ ಸಿಮ್‌ಲಿಂಕ್‌ಗಳನ್ನ ಈ ಕಮಾಂಡ್ ಮುಟ್ಟಲ್ಲ, ಹಾದುಹೋಗುತ್ತೆ. ಆಮೇಲೆ ನೇರ ಲಿಂಕಿನ ಹೆಸರು ಕೊಟ್ಟು 777. ಈ ಸಲ ಕಮಾಂಡ್ ಲಿಂಕ್ ಹಿಡಿದು ಹೋಗಿ ಅಸಲಿ ಫೋಟೊ ಫೋಲ್ಡರಿಗೆ 777 ಹಾಕಿತು. ಆದರೂ 403. ಕೋಣೆ ಬಾಗಿಲು ಕಿತ್ತು ಹಾಕಿದ್ದರು, ತಲಬಾಗಿಲು ಇನ್ನೂ ಮುಚ್ಚಿತ್ತು. ಮೂರನೇ ಹೊಡೆತ: ಪೂರ್ತಿ ಹೋಮ್ ಡೈರೆಕ್ಟರಿಗೆ ‘-ಆರ್ 777’. ಫೋಟೊಗಳು ಪಟಪಟ ಬಂದವು! ಎಲ್ಲರೂ ಲಾಗ್‌ಔಟ್ ಆಗಿ ಮಲಗಿದರು.

ಬೆಳಿಗ್ಗೆ ಯಾರಿಗೂ ಸರ್ವರಿಗೆ ಲಾಗಿನ್ ಆಗೋಕಾಗಲಿಲ್ಲ. ಎಸ್‌ಎಸ್‌ಎಚ್ ಸರ್ವರ್ ಕೀ ಇಟ್ಟುಕೊಂಡು ಒಳಗೆ ಬಿಡುವ ಮುನ್ನ ಒಂದು ಪರೀಕ್ಷೆ ಮಾಡುತ್ತೆ: ನಿಮ್ಮ ಹೋಮ್ ಡೈರೆಕ್ಟರಿ, ಕೀ ಇರೋ ಫೋಲ್ಡರ್, ಕೀ ಪಟ್ಟಿಯ ಫೈಲ್, ಇವನ್ನ ಬೇರೆ ಯಾರಾದರೂ ಬರೀಬಹುದಾ? ಬರೀಬಹುದು ಅಂದರೆ ಆ ಪಟ್ಟಿಯನ್ನ ನಂಬಲ್ಲ, ಯಾಕಂದರೆ ಯಾರು ಬೇಕಾದರೂ ತಮ್ಮ ಕೀಯನ್ನ ಅದರಲ್ಲಿ ಸೇರಿಸಿರಬಹುದು. ‘ಸ್ಟ್ರಿಕ್ಟ್‌ಮೋಡ್ಸ್’ ಅಂತ ಆ ಸೆಟ್ಟಿಂಗ್ ಹೆಸರು, ಮೊದಲೇ ಆನ್ ಇರುತ್ತೆ. ಎಲ್ಲರಿಗೂ ಬಾಗಿಲು ತೆರೆದವರು ತಾವೇ ಹೊರಗುಳಿದರು. ಕ್ಲೌಡ್ ಕಂಪನಿಯ ವೆಬ್ ಕನ್ಸೋಲ್ ಮೂಲಕ ಒಳಗೆ ಹೋಗಿ ಸರಿ ಮಾಡಿಕೊಳ್ಳೋದಕ್ಕೆ ಮಧ್ಯಾಹ್ನ ಆಯ್ತು. ಅದು ಬಿಡಿ, ದುಡ್ಡಿನ ಲೆಕ್ಕದಲ್ಲಿ ಅಷ್ಟೇನಿಲ್ಲ. ಅದೇ ಹೋಮ್ ಡೈರೆಕ್ಟರಿಯಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಇರೋ ಫೈಲೂ ಇತ್ತು. ಒಂದು ರಾತ್ರಿ ಪೂರ್ತಿ ಅದು ಆ ಯಂತ್ರದ ಮೇಲೆ ಓಡೋ ಪ್ರತಿ ಪ್ರೋಗ್ರಾಮಿಗೂ, ಹೊರಗಿನ ಜಗತ್ತಿಗೆ ಮುಖ ಮಾಡಿರೋ ವೆಬ್ ಸರ್ವರಿಗೂ, ಓದೋಕೆ ಮಾತ್ರ ಅಲ್ಲ ಬರೆಯೋಕೂ ಮುಕ್ತವಾಗಿತ್ತು. ಅವರು ಎಲ್ಲಾ ಪಾಸ್‌ವರ್ಡ್, ಎಲ್ಲಾ ಕೀ ಬದಲಿಸಬೇಕಾಯ್ತು.

ಬೇಕಾಗಿದ್ದದ್ದು ಒಂದು ಬಿಟ್. ಹೋಮ್ ಡೈರೆಕ್ಟರಿ ಮೇಲೆ ವೆಬ್ ಸರ್ವರಿನ ಬಳಕೆದಾರನಿಗೆ ಮಾತ್ರ ‘ಎಕ್ಸ್’. ‘ಸೆಟ್‌ಎಫ್‌ಎಸಿಎಲ್’ ಅನ್ನೋ ಕಮಾಂಡಿನಲ್ಲಿ ಹೀಗೆ ಒಬ್ಬನೇ ಬಳಕೆದಾರನ ಹೆಸರು ಹೇಳಿ ಒಂದೇ ಹಕ್ಕು ಕೊಡಬಹುದು. ಇನ್ನೂ ನೆಟ್ಟಗೆ ಮಾಡೋದಾದರೆ, ಊರಿಗೆಲ್ಲ ಕಾಣಬೇಕಾದ ಫೋಟೊ ಯಾರದೋ ಮನೆಯೊಳಗೆ ಯಾಕಿರಬೇಕು? ಅಂಥದಕ್ಕೇ ‘ಎಸ್‌ಆರ್‌ವಿ’ ಡೈರೆಕ್ಟರಿ ಇದೆ, ಅಲ್ಲಿಗೆ ಸಾಗಿಸಿ ಲಿಂಕಿನ ವಿಳಾಸ ಬದಲಿಸಿದರೆ ಮುಗೀತು. ಕೊನೆಗೆ ಅವರು ಮಾಡಿದ್ದೂ ಅದನ್ನೇ.

ಇಂಥ ಕಡೆ ನಾನು ಮೊದಲು ಹೊಡೆಯೋ ಕಮಾಂಡಿನ ಹೆಸರು ಕೇಳಿದರೆ ನಿಮಗೆ ನಗು ಬರಬಹುದು: ‘ನೇಮ್‌ಐ -ಎಲ್’, ಮುಂದೆ ಪೂರ್ತಿ ಪಾತ್. ಹಳೇ ಕರ್ನಲ್ ಫಂಕ್ಷನ್ ಹೆಸರನ್ನೇ ಇಟ್ಟುಕೊಂಡಿರೋ ಕಮಾಂಡ್. ಕರ್ನಲ್ ನಡೆಯೋ ದಾರಿಯನ್ನೇ ನಡೆದು, ಬೇರಿನಿಂದ ಶುರು ಮಾಡಿ ಪ್ರತಿ ಡೈರೆಕ್ಟರಿಯ ಒಡೆಯ ಯಾರು, ಬಿಟ್ ಏನು ಅಂತ ಒಂದೊಂದು ಸಾಲಿನಲ್ಲಿ ತೋರಿಸುತ್ತೆ. ನಡುವೆ ಲಿಂಕ್ ಬಂದರೆ ಅದು ತೋರಿಸೋ ಕಡೆಗೂ ಹೋಗುತ್ತೆ. ಯಾವ ಹೊಸ್ತಿಲಲ್ಲಿ ನಿಂತಿದೆ ಅಂತ ಕಣ್ಣಿಗೆ ಕಾಣುತ್ತೆ. ಆಮೇಲೆ ಕೇಳಿಕೊಳ್ಳಬೇಕಾದ್ದು ‘ನಾನು ಯಾರು’ ಅಂತ ಅಲ್ಲ, ‘ಆ ಪ್ರೋಗ್ರಾಮ್ ಯಾರು’ ಅಂತ. ನೀವು ರೂಟ್ ಆಗಿ ನೋಡಿದರೆ ಎಲ್ಲಾ ತೆರೆದೇ ಕಾಣುತ್ತೆ. ‘ಸುಡೊ -ಯು’ ಹಾಕಿ ವೆಬ್ ಸರ್ವರಿನ ಬಳಕೆದಾರನಾಗಿ ಅದೇ ಫೈಲ್ ತೆರೆದು ನೋಡಬೇಕು. ಅವನನ್ನ ಹೊಸದಾಗಿ ಒಂದು ಗುಂಪಿಗೆ ಸೇರಿಸಿದ್ದರೆ ಪ್ರೋಗ್ರಾಮನ್ನ ರೀಸ್ಟಾರ್ಟ್ ಮಾಡಬೇಕು, ಓಡ್ತಾ ಇರೋ ಪ್ರೋಗ್ರಾಮಿಗೆ ಹೊಸ ಗುಂಪು ಗೊತ್ತಾಗಲ್ಲ. ಇಷ್ಟಾದರೂ ಬಗೆಹರಿಯದಿದ್ದರೆ ಎಸ್‌ಇಲಿನಕ್ಸ್ ಅಥವಾ ಆಪ್‌ಆರ್ಮರ್ ಅಂತ ಇನ್ನೊಂದು ಕಾವಲು ಇರಬಹುದು. ಒಂಬತ್ತು ಬಿಟ್ ಹೂಂ ಅಂದಮೇಲೂ ಅವು ಉಹೂಂ ಅನ್ನಬಹುದು. ಇನ್ನು ಕಂಟೇನರ್ ಒಳಗೆ ಲಿಂಕ್ ಮುರಿದಿದ್ದರೆ ಅದು ಪರ್ಮಿಷನ್ ವಿಷಯ ಆಗಿರೋದು ಕಮ್ಮಿ. ಲಿಂಕಿನಲ್ಲಿರೋ ಪಾತ್ ಕಂಟೇನರಿನ ಒಳಗಿನ ಲೋಕದಲ್ಲಿ ಇರೋದೇ ಇಲ್ಲ, ಆಗ ಬರೋ ದೂರು ‘ಅಂಥ ಫೈಲ್ ಇಲ್ಲ’ ಅಂತ.

ಲಿಂಕಿಗೆ ಸ್ವಂತ ಹಕ್ಕಿಲ್ಲ ಅನ್ನೋದು ಒಳ್ಳೇ ತೀರ್ಮಾನ ಅಂತ ನನ್ನ ಅಭಿಪ್ರಾಯ. ಆದರೆ ಅದರಲ್ಲೂ ಒಂದು ಕಂಡಿ ಇತ್ತು. ಲಿಂಕ್ ತಾನು ಹಕ್ಕು ಕೊಡಲ್ಲ, ನಿಜ. ಹಕ್ಕಿರೋ ಇನ್ನೊಬ್ಬನನ್ನ ದಾರಿ ತಪ್ಪಿಸಬಹುದಲ್ಲ! 1993ರಲ್ಲಿ ಎಕ್ಸ್‌ಟರ್ಮ್ ಅನ್ನೋ ಟರ್ಮಿನಲ್ ಪ್ರೋಗ್ರಾಮಿನ ಬಗ್ಗೆ ಸರ್ಟ್ ಸಂಸ್ಥೆ ಎಚ್ಚರಿಕೆ ಕೊಟ್ಟಿದ್ದು ಇದೇ ಕಾರಣಕ್ಕೆ. ಆಗ ಎಕ್ಸ್‌ಟರ್ಮ್ ಸೆಟ್-ಯುಐಡಿ ಬಿಟ್ ಹಾಕಿಕೊಂಡು ರೂಟ್ ಹಕ್ಕಿನಲ್ಲಿ ಓಡ್ತಿತ್ತು. ಬಳಕೆದಾರ ಹೇಳಿದ ಫೈಲಿಗೆ ಲಾಗ್ ಬರೆಯೋ ಸೌಲಭ್ಯವೂ ಅದರಲ್ಲಿತ್ತು. ಈ ಫೈಲಿಗೆ ಬರೆಯೋ ಹಕ್ಕು ಇವನಿಗೆ ಇದೆಯಾ ಅಂತ ಮೊದಲು ನೋಡೋದು, ಆಮೇಲೆ ತೆರೆಯೋದು. ನೋಡೋದಕ್ಕೂ ತೆರೆಯೋದಕ್ಕೂ ನಡುವೆ ಒಂದು ಕಣ್ಣು ಮಿಟುಕಿಸೋ ಹೊತ್ತು. ಆ ಹೊತ್ತಿನಲ್ಲಿ ಫೈಲ್ ತೆಗೆದು, ಅದೇ ಹೆಸರಿನಲ್ಲಿ ಪಾಸ್‌ವರ್ಡ್ ಫೈಲಿಗೆ ಸಿಮ್‌ಲಿಂಕ್ ಇಟ್ಟರೆ? ರೂಟ್ ತನ್ನ ಹಕ್ಕಿನಲ್ಲಿ ಹೋಗಿ ಪಾಸ್‌ವರ್ಡ್ ಫೈಲಿಗೆ ಬರೆದು ಬರುತ್ತೆ.

ಎಲ್ಲರೂ ಬರೆಯಬಹುದಾದ ‘ಸ್ಲ್ಯಾಶ್ ಟೆಂಪ್’ ಡೈರೆಕ್ಟರಿ ಇಂಥ ಆಟಕ್ಕೆ ಮೈದಾನ ಆಯ್ತು. ಇನ್ನೊಬ್ಬರ ಫೈಲನ್ನ ಅಳಿಸಬಾರದು ಅಂತ ಅದಕ್ಕೆ ಸ್ಟಿಕಿ ಬಿಟ್ ಇತ್ತು, ಆದರೆ ಮೊದಲೇ ಬಲೆ ಹಾಕಿಡೋದನ್ನ ಅದು ತಡೀತಿರಲಿಲ್ಲ. ಓಪನ್‌ವಾಲ್ ಥರದ ಹೊರಗಿನ ಪ್ಯಾಚ್‌ಗಳಲ್ಲಿ ಪರಿಹಾರ 1990ರ ದಶಕದಲ್ಲೇ ಇತ್ತು. ಮುಖ್ಯ ಲಿನಕ್ಸ್ ಕರ್ನಲ್ ಒಳಗೆ ಬಂದಿದ್ದು 2012ರಲ್ಲಿ, 3.6ನೇ ಆವೃತ್ತಿಯಲ್ಲಿ, ಕೀಸ್ ಕುಕ್ ಅವರ ಪ್ರಯತ್ನದಿಂದ. ಸ್ಟಿಕಿ ಇದ್ದು ಎಲ್ಲರೂ ಬರೆಯಬಹುದಾದ ಡೈರೆಕ್ಟರಿಯಲ್ಲಿ, ಲಿಂಕ್ ಮಾಡಿದವನೇ ಅದನ್ನ ಹಿಡಿದು ಹೋಗ್ತಿದ್ದರೆ ಅಥವಾ ಡೈರೆಕ್ಟರಿಯ ಒಡೆಯನೇ ಲಿಂಕಿನ ಒಡೆಯನೂ ಆಗಿದ್ದರೆ ಮಾತ್ರ ದಾರಿ ಬಿಡಬೇಕು ಅನ್ನೋದು ನಿಯಮ. ಇಲ್ಲಿ ಮಾತ್ರ ಲಿಂಕಿನ ಒಡೆಯ ಯಾರು ಅನ್ನೋದಕ್ಕೆ ಬೆಲೆ ಬಂತು. ಇದರಿಂದ ಒಂದು ವಿಚಿತ್ರವೂ ಹುಟ್ಟಿತು: ಯಾರೋ ಸಾಮಾನ್ಯ ಬಳಕೆದಾರ ಸ್ಲ್ಯಾಶ್ ಟೆಂಪ್‌ನಲ್ಲಿ ಮಾಡಿದ ಲಿಂಕನ್ನ ರೂಟ್ ತೆರೆಯೋಕೆ ಹೋದರೆ ರೂಟಿಗೇ ‘ಪರ್ಮಿಷನ್ ಡಿನೈಡ್’. ‘ಪ್ರೊಟೆಕ್ಟೆಡ್ ಸಿಮ್‌ಲಿಂಕ್ಸ್’ ಅನ್ನೋ ಸೆಟ್ಟಿಂಗ್ ಗೊತ್ತಿಲ್ಲದಿದ್ದರೆ ಈ ಸಾಲು ನೋಡಿ ತಲೆ ತಿರುಗುತ್ತೆ, ಅದನ್ನ ಆಫ್ ಮಾಡೋ ಆಸೆಯೂ ಬರುತ್ತೆ. ಮಾಡಬೇಡಿ. ಪ್ರೋಗ್ರಾಮ್ ತನ್ನ ಫೈಲನ್ನ ಬೇರೆ ಕಡೆ ಇಟ್ಟುಕೊಳ್ಳೋ ಹಾಗೆ ಬದಲಿಸಿ.

2020ರಲ್ಲಿ ಲಿನಕ್ಸ್ 5.6 ಜೊತೆ ‘ಓಪನ್‌ಅಟ್2’ ಅಂತ ಹೊಸ ಸಿಸ್ಟಮ್ ಕಾಲ್ ಬಂತು. ಫೈಲ್ ತೆರೆಯುವಾಗಲೇ ಪ್ರೋಗ್ರಾಮ್ ಹೇಳಬಹುದು: ದಾರಿಯಲ್ಲಿ ಎಲ್ಲಿಯೂ ಸಿಮ್‌ಲಿಂಕ್ ಹಿಡಿಯಬೇಡ, ಅಥವಾ ಈ ಡೈರೆಕ್ಟರಿಯ ಅಂಗಳ ದಾಟಿ ಹೊರಗೆ ಹೋಗಬೇಡ. ನೋಡೋದು ಬೇರೆ, ತೆರೆಯೋದು ಬೇರೆ ಅನ್ನೋ ಸಂದು ಉಳಿಯಲ್ಲ, ನಡೆಯುತ್ತಲೇ ಪರೀಕ್ಷೆ. ಒಂದೊಂದೇ ತುಂಡು ಹಿಡಿದು ಆ ನಡಿಗೆ ನಡೆಯೋ ಕೋಡ್ ಇವತ್ತಿಗೂ ಲಿನಕ್ಸ್ ಕರ್ನಲಿನ ‘ಎಫ್‌ಎಸ್’ ಫೋಲ್ಡರಿನಲ್ಲಿ ಕೂತಿದೆ. ಫೈಲಿನ ಹೆಸರು ನೇಮ್‌ಐ ಡಾಟ್ ಸಿ.